ಕೋವಿಗೆ ವಾರಸುದಾರ ಸಿಕ್ಕಾನು, ಕೈಗುಣಕ್ಕೆ ಯಾರು?

ಚುನಾವಣೆ ಬಂತು ಎಂಬುದು ಅಂಕೋಲಾ-ಕಾರವಾರ ಕಡೆಯ ಬೇಸಾಯಗಾರನಿಗೆ ಗೊತ್ತಾಗುವುದು ಭಾಷಣದಿಂದಲ್ಲ, ಗೋಡೆಯ ಮೇಲಿನ ಭಿತ್ತಿಪತ್ರದಿಂದಲೂ ಅಲ್ಲ. ಬಂದೂಕು ತಂದು ಠಾಣೆಯಲ್ಲಿ ಇಡಿ ಎಂಬ ಪೊಲೀಸರ ಸೂಚನೆಯಿಂದ. ಆಗ ನೋಡಬೇಕು ಸ್ವಾಮಿ, ಗೋಣಿಯಲ್ಲೋ ಹಳೇ ಪಂಚೆಯಲ್ಲೋ ಸುತ್ತಿದ ನಾಲ್ಕೈದು ಅಡಿ ಉದ್ದದ ಸಾಮಾನು ಹಿಡಿದು ಒಳನಾಡಿನ ಮುದುಕರು ಒಬ್ಬೊಬ್ಬರೇ ಠಾಣೆಯ ಮೆಟ್ಟಿಲು ಹತ್ತುತ್ತಾರೆ. ಅದರೊಳಗೆ ಇರುವುದು ಸಿನಿಮಾದಲ್ಲಿ ಕಾಣುವ ಬಂದೂಕಲ್ಲ. ಕೇಪಿನ ಕೋವಿ. ಬಾಯಿಂದ ಮದ್ದು ತುಂಬಿ ಗಜದಿಂದ ಜಡಿದು ಹೊಡೆಯುವ ಹಳೇ ಒಂಟಿನಳಿಗೆ.

ಗೆದ್ದವರು ಬೆಂಗಳೂರಿಗೋ ದಿಲ್ಲಿಗೋ ಹೋಗುತ್ತಾರೆ. ಕೋವಿ ಮನೆಗೆ ಬರುವುದು ಅದಕ್ಕೂ ಆಮೇಲೆ. 2024ರ ಲೋಕಸಭೆ ಚುನಾವಣೆಯ ನೀತಿಸಂಹಿತೆ ಮಾರ್ಚ್ 16ಕ್ಕೆ ಶುರುವಾಗಿ ಜೂನ್ 6ರ ತನಕ ನಡೆಯಿತು. ಅಂದರೆ ಗೇರು ಹಣ್ಣಾಗಿ, ಮಾವು ಬಲಿತು, ಮಂಗಗಳು ಹಿಂಡು ಕಟ್ಟಿ ತೋಟಕ್ಕೆ ಇಳಿಯುವ ಕಾಲ ಪೂರ್ತಿ. ಅಂಕೋಲೆಯ ಕರಿ ಈಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿತು, ಸಂತೋಷ. ಮಂಗಕ್ಕೆ ಮಾತ್ರ ಆ ಮಾನ್ಯತೆ ಮೊದಲೇ ಗೊತ್ತಿತ್ತು!

ಚುನಾವಣೆಯ ಠೇವಣಿ ಬೇಕೋ ಬೇಡವೋ ಎಂಬ ಜಗಳ ಇವತ್ತಿನ ವಿಷಯವಲ್ಲ. ಅದಕ್ಕೆ ಪರಿಶೀಲನಾ ಸಮಿತಿ ಇದೆ, ಅರ್ಜಿ ಹಾಕುವವರು ಹಾಕುತ್ತಾರೆ. ನಮ್ಮ ಪ್ರಶ್ನೆ ಬೇರೆ. ಆ ಮೆಟ್ಟಿಲು ಹತ್ತುವವರಲ್ಲಿ ತಲೆ ಹಣ್ಣಾದವರೇ ಯಾಕೆ ಜಾಸ್ತಿ? ಅವರ ನಂತರ ಆ ಕೋವಿ ಹಿಡಿಯುವವರು ಯಾರು? ಹಿಡಿದರೂ, ಅದನ್ನು ತುಂಬಲು, ತೊಳೆಯಲು, ಮುಖ್ಯವಾಗಿ ಹೊಡೆಯದೆ ಸುಮ್ಮನಿರಲು ಅವರಿಗೆ ಕಲಿಸುವವರು ಯಾರು?

ಒಂದು ಈಡಿಗೆ ಎಷ್ಟು ಕೆಲಸ

ಪೇಟೆಯ ಓದುಗರಿಗೆ ಮೊದಲು ಕೋವಿಯ ಪರಿಚಯ ಹೇಳಿಬಿಡೋಣ. ತೋಟೆ ಕೋವಿ ಎಂದರೆ ಹಿಂದಿನಿಂದ ಮುರಿದು ಸಿದ್ಧ ತೋಟೆ ತುರುಕಿ ಹೊಡೆಯುವುದು. ಅದು ಅಂಗಡಿಯ ಪ್ಯಾಕೆಟ್ ಮಸಾಲೆ ಇದ್ದಂತೆ. ಕೇಪಿನ ಕೋವಿ ಮನೆಯಲ್ಲಿ ಅರೆದು ಮಾಡುವ ಮಸಾಲೆ. ನಳಿಗೆಯ ಬಾಯಿಂದ ಮೊದಲು ಮದ್ದು. ಅದರ ಮೇಲೆ ತೆಂಗಿನ ನಾರೋ ಬಟ್ಟೆಯ ಚೂರೋ ಬಿರಡೆಯಾಗಿ. ಗಜದಿಂದ ಜಡಿಯುವುದು. ಆಮೇಲೆ ಚರೆ, ಅದು ಉರುಳಿ ಬೀಳದಂತೆ ಮತ್ತೊಂದು ಬಿರಡೆ. ಕಟ್ಟಕಡೆಗೆ ಹಿಂಬದಿಯ ತೊಟ್ಟಿನಂಥ ಸಣ್ಣ ಕೊಳವೆಯ ಮೇಲೆ ಕೇಪು. ಟ್ರಿಗರ್ ಎಳೆದರೆ ಕುದುರೆ ಬಂದು ಕೇಪಿಗೆ ಕುಟ್ಟುತ್ತದೆ, ಕಿಡಿ ಕೊಳವೆಯೊಳಗೆ ಓಡುತ್ತದೆ, ಢಂ ಅನ್ನುತ್ತದೆ. ಎದುರಿಗೆ ಬಿಳೀ ಹೊಗೆ. ಹೊಡೆದವನಿಗೇ ಎದುರು ಏನಾಯಿತು ಎಂದು ಒಂದು ಗಳಿಗೆ ಕಾಣುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಸಿಕ್ಕಿದ್ದು ಒಂದೇ ಈಡು. ಇನ್ನೊಂದು ಬೇಕಾದರೆ ಮತ್ತೆ ಮೊದಲಿನಿಂದ. ಹಿಂದಿನ ಕಾಲದ ಪಳಗಿದ ಸಿಪಾಯಿ ನಿಮಿಷಕ್ಕೆ ಹೆಚ್ಚೆಂದರೆ ಮೂರು ಸಲ ಹೊಡೆಯುತ್ತಿದ್ದ. ನಮ್ಮ ಗದ್ದೆ ಕಾಯುವವನಿಗೆ ಅಷ್ಟು ಅವಸರ ಯಾಕೆ? ಹೀಗಾಗಿ ಕೇಪಿನ ಕೋವಿಯ ಮೊದಲ ಪಾಠ ಗುರಿಯದಲ್ಲ, ತಾಳ್ಮೆಯದು. ಒಂದೇ ಈಡು ಇದೆ ಎಂದು ಗೊತ್ತಿದ್ದವನು ಸುಮ್ಮಸುಮ್ಮನೆ ಕೈ ಎತ್ತುವುದಿಲ್ಲ.

ಈ ಕೇಪಿನ ಹಿಂದೆ ಒಬ್ಬ ಪಾದ್ರಿ ಇದ್ದಾನೆ ಎಂದರೆ ನಗಬೇಡಿ. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್‌ಗೆ ಹಕ್ಕಿ ಹೊಡೆಯುವ ಹುಚ್ಚು. ಆಗಿನ ಚಕಮಕಿ ಕಲ್ಲಿನ ಬಂದೂಕಿನಲ್ಲಿ ಮೊದಲು ಹೊರಗೆ ಮದ್ದು ಭುಗ್ಗೆಂದು ಹೊತ್ತಿ ಆಮೇಲೆ ಈಡು ಹಾರುತ್ತಿತ್ತು. ಆ ಬೆಳಕು ನೋಡಿ ಹಕ್ಕಿ ಪರಾರಿ. ಪೆಟ್ಟು ಬಿದ್ದರೆ ತಾನೇ ಸಿಡಿಯುವ ಮದ್ದಿನಿಂದ ಕಿಡಿ ಹುಟ್ಟಿಸುವ ಉಪಾಯವನ್ನು ಆತ 1807ರಲ್ಲಿ ಪೇಟೆಂಟ್ ಮಾಡಿಸಿದ. ಮುಂದೆ ಅದೇ ಉಪಾಯದಿಂದ ತಾಮ್ರದ ಕೇಪು ಬಂತು. ಹೊರಗಿನ ಲೋಕ ಅದನ್ನು ಕೈಬಿಟ್ಟು ನೂರು ವರ್ಷದ ಮೇಲಾಯಿತು. ನಮ್ಮ ಅಟ್ಟದ ಮೇಲೆ ಅದು ಇನ್ನೂ ಇದೆ.

ಸಮುದ್ರದಿಂದ ಬಂದದ್ದು

ಬಂದೂಕು ನಮ್ಮ ಕರಾವಳಿಗೆ ಹೊಸದೇನಲ್ಲ. 1510ರಲ್ಲಿ ಪೋರ್ತುಗೀಜರು ಗೋವೆ ಹಿಡಿದರು. ಗೋವೆ ಎಂದರೆ ನಮಗೆ ಕಾಳಿ ಸೇತುವೆ ದಾಟಿದರೆ ಸ್ವಲ್ಪ ದೂರ. 1638ರಲ್ಲಿ ಇಂಗ್ಲಿಷರು ಕಾರವಾರದಲ್ಲಿ ಮೆಣಸಿನ ವ್ಯಾಪಾರಕ್ಕೆ ಕೋಠಿ ಇಟ್ಟರು. ಸೋಂದೆ ಅರಸರು ಕಾಳಿಯ ಬಾಯಿಯಲ್ಲಿ ಸದಾಶಿವಗಡ ಕಟ್ಟಿದರು. ಹಡಗು ಬಂದಲ್ಲಿ ವ್ಯಾಪಾರ, ವ್ಯಾಪಾರ ಬಂದಲ್ಲಿ ಕೋಟೆ, ಕೋಟೆ ಬಂದಲ್ಲಿ ಮದ್ದುಗುಂಡು. ಅದು ಅಂದಿನ ದಾರಿ.

1857ರ ನಂತರ ಇಂಗ್ಲಿಷರಿಗೆ ಜನರ ಕೈಯ ಆಯುಧ ಕಂಡರೆ ಭಯ. ಆಯುಧ ಒಪ್ಪಿಸಿ ಎಂಬ ಕಾನೂನು ಬಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ, ಅದೇ ವರ್ಷ ಊರಿಗೆ ಊರೇ ಬೆಂಕಿ ಬಿತ್ತು, ಹಲವರು ನೇಣಿಗೇರಿದರು. 1878ರಲ್ಲಿ ಭಾರತಕ್ಕೆಲ್ಲ ಆಯುಧ ಕಾಯ್ದೆ. ಸ್ವಾತಂತ್ರ್ಯ ಬಂದ ಮೇಲೆ 1959ರಲ್ಲಿ ನಮ್ಮದೇ ಆಯುಧ ಕಾಯ್ದೆ. ಇದರ 13ನೇ ಕಲಮಿನಲ್ಲಿ ಒಂದು ಸಣ್ಣ ಮಾತಿದೆ, ಅಟ್ಟದ ಕೋವಿ ಉಳಿದಿರುವುದು ಅದರ ದಯೆಯಿಂದ. ನಿಜವಾಗಿ ಬೆಳೆ ಕಾಯಲು ಬೇಕಾದ ಬಾಯಿಂದ ತುಂಬುವ ಕೋವಿಗೆ ಲೈಸೆನ್ಸ್ ಕೊಡಬೇಕು ಎನ್ನುತ್ತದೆ ಆ ಕಲಮು. ಪಿಸ್ತೂಲು ಬೇಕೆಂದರೆ ಜೀವಭಯಕ್ಕೆ ಸಕಾರಣ ಹೇಳಬೇಕು. ಈ ಕೋವಿಗೆ ಗದ್ದೆ, ತೋಟ, ಹಂದಿಯೇ ಕಾರಣ.

ಹೀಗೆ ಸಿಪಾಯಿಯ ಆಯುಧ ಬೇಸಾಯಗಾರನ ಹತ್ಯಾರವಾಯಿತು. ಕತ್ತಿ, ಗುದ್ದಲಿ, ನೊಗದ ಸಾಲಿನಲ್ಲಿ ನಿಂತು ಆಯುಧಪೂಜೆಯ ದಿನ ಕುಂಕುಮ ಹಚ್ಚಿಸಿಕೊಂಡಿತು.

ಲೈಸೆನ್ಸ್ ಇದೆ, ಕೊಲ್ಲುವ ಹಕ್ಕಿಲ್ಲ

ಇನ್ನೊಂದು ಕಡೆ 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಬೇಟೆ ಬಂದ್. ಬೆಳೆ ತಿನ್ನುವ ಹಂದಿಯನ್ನೂ ಅರಣ್ಯ ಇಲಾಖೆಯ ಅಧಿಕೃತ ಅಪ್ಪಣೆ ಇಲ್ಲದೆ ಹೊಡೆಯುವಂತಿಲ್ಲ. ನವಿಲು, ಮಂಗ ಕೇಳುವುದೇ ಬೇಡ. 2022ರ ತಿದ್ದುಪಡಿಯಾದ ಮೇಲೆ ನಮ್ಮ ಕಡೆಯ ಮಂಗ ಮೊದಲ ಅನುಸೂಚಿಯಲ್ಲೇ ಕೂತಿದೆ. ಎಂಥದು ಮಾರಾಯ್ರೆ ಇದು, ಒಂದು ಕಾಯ್ದೆ ಕೋವಿ ಕೊಟ್ಟಿತು, ಇನ್ನೊಂದು ಕಾಯ್ದೆ ಕೈ ಹಿಡಿಯಿತು ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ಉತ್ತರ ಗದ್ದೆಯಲ್ಲಿದೆ. ಇವತ್ತು ಕಾನೂನು ಪಾಲಿಸುವ ಕೋವಿಯವನ ಮುಖ್ಯ ಕೆಲಸ ಸದ್ದು. ಚರೆ ಇಲ್ಲದ ಬರೀ ಮದ್ದಿನ ಈಡು. ರಾತ್ರಿ ಮಾಳದ ಮೇಲೆ ಕೂತು, ಹಂದಿ ಇಳಿದ ಸಪ್ಪಳ ಕೇಳಿ, ಆಕಾಶಕ್ಕೆ ಒಂದು ಢಂ. ಹಂದಿಗೆ ಒಂದಿಷ್ಟು ದಿನ ನೆನಪಿರುತ್ತದೆ.

ಹಾಗಾದರೆ ಪಟಾಕಿ ಸಾಲದೇ? ಸಾಲುತ್ತದೆ ಅಂದುಕೊಂಡವರು ಏನು ಮಾಡಿದ್ದಾರೆ ನೋಡಿ. ಹಲಸಿನ ಹಣ್ಣಿನಲ್ಲಿ, ಹಿಟ್ಟಿನ ಉಂಡೆಯಲ್ಲಿ ಸಿಡಿಮದ್ದು ಇಟ್ಟು ಹಂದಿಗೆ ಎಂದು ಬಿಟ್ಟದ್ದು ದನದ ಬಾಯಿ ಒಡೆಯುತ್ತದೆ. ಪೈಪಿಗೆ ಕಾರ್ಬೈಡ್ ಹಾಕಿ ಸದ್ದು ಮಾಡುವ ಆಟ ಇನ್ನೊಂದು. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಈ ಕಾರ್ಬೈಡ್ ಗನ್ನಿನಿಂದ ಅನೇಕ ಮಕ್ಕಳ ಕಣ್ಣಿಗೆ ಪೆಟ್ಟಾಯಿತು. ಯಾರೂ ಕಲಿಸದೆ ಮೊಬೈಲ್ ನೋಡಿ ಕಲಿತದ್ದರ ಫಲ ಅದು. ಮದ್ದಿನ ಮೋಹ ಹುಡುಗರಿಗೆ ಇದ್ದೇ ಇರುತ್ತದೆ. ಕಲಿಸುವವರು ಮನೆಯಲ್ಲಿ ಇಲ್ಲದಿದ್ದರೆ ಬೀದಿಯಲ್ಲಿ ಕಲಿಯುತ್ತಾರೆ.

ಎಪ್ಪತ್ತು ಅಥವಾ ಇಪ್ಪತ್ತೈದು

ಈಗ ವಾರಸಿನ ಮಾತಿಗೆ ಬರೋಣ. ಇದು ಅನೇಕ ಮನೆಯವರಿಗೆ ಗೊತ್ತಿಲ್ಲದ ಸಂಗತಿ, ಅಂಗಡಿಯಲ್ಲಿ ಓದಿ ಪಕ್ಕದವರಿಗೂ ಹೇಳಿ. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್‌ದಾರ ಸತ್ತ ಮೇಲೆ ಅವನ ವಾರಸುದಾರರಿಗೆ ಲೈಸೆನ್ಸ್ ಕೊಡಲು ಅವಕಾಶವಿದೆ. ಸಾಯುವ ತನಕ ಕಾಯಬೇಕೆಂದೂ ಇಲ್ಲ. ಲೈಸೆನ್ಸ್‌ದಾರನಿಗೆ 70 ವರ್ಷ ತುಂಬಿದರೆ ಅಥವಾ ಕೋವಿ ಅವನ ಬಳಿ 25 ವರ್ಷ ಇದ್ದರೆ, ಯಾವುದು ಮೊದಲೋ ಅದು, ಅವನೇ ಹೆಸರಿಸಿದ ವಾರಸುದಾರನಿಗೆ ಲೈಸೆನ್ಸ್ ಕೊಡಬಹುದು. 1985ರಲ್ಲಿ ಕೋವಿ ಪಡೆದವನಿಗೆ 25 ವರ್ಷ 2010ರಲ್ಲೇ ತುಂಬಿತು ಅಂತ ಲೆಕ್ಕ. ವಾರಸುದಾರ ಮಗನೇ ಆಗಬೇಕೆಂದಿಲ್ಲ, ಮಗಳೂ ಆದೀತು. 21 ವರ್ಷ ತುಂಬಿರಬೇಕು, ಪೊಲೀಸ್ ವಿಚಾರಣೆಯಲ್ಲಿ ಅಡ್ಡಿ ಬರಬಾರದು. 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು, ಒಬ್ಬರ ಬಳಿ ಇರಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿಯಿತು.

ಅರ್ಜಿ ಕೊಡದೆ ಬಿಟ್ಟರೆ? ಅಜ್ಜ ತೀರಿಕೊಂಡ ಮರುದಿನವೇ ಅಟ್ಟದ ಕೋವಿ ಲೈಸೆನ್ಸ್ ಇಲ್ಲದ ಕೋವಿ. ದುಃಖದಲ್ಲಿ ಯಾರಿಗೂ ನೆನಪಿರುವುದಿಲ್ಲ, ಹನ್ನೆರಡನೇ ದಿನ ಮುಗಿಯುತ್ತದೆ, ವರ್ಷಾಂತ ಮುಗಿಯುತ್ತದೆ, ಕೋವಿ ಅಲ್ಲೇ ಇರುತ್ತದೆ. 2019ರ ನಂತರ ಲೈಸೆನ್ಸ್ ಇಲ್ಲದ ಬಂದೂಕು ಇಟ್ಟುಕೊಂಡರೆ ಕನಿಷ್ಠ ಎರಡು ವರ್ಷ, ಐದು ವರ್ಷದ ತನಕ ಸಜೆ. ಕೆಟ್ಟು ಹೋಗಿದೆ, ತುಕ್ಕು ಹಿಡಿದಿದೆ ಎಂದರೆ ಸಾಲದು. ರಿಪೇರಿ ಮಾಡಿದರೂ ಮಾಡದಿದ್ದರೂ ಹೊಡೆಯಲಾಗದಂಥ ಹಳೇ ಸಾಮಾನಿಗೆ ಮಾತ್ರ ಕಾಯ್ದೆಯ 45ನೇ ಕಲಮಿನಲ್ಲಿ ವಿನಾಯಿತಿ. ಅದು ಯಾವುದು ಎಂದು ತೀರ್ಮಾನಿಸುವುದು ನೀವಲ್ಲ, ನಾನೂ ಅಲ್ಲ. ಮತ್ತೆ, ಊರ ಆಚಾರಿಯ ಕುಲುಮೆಗೆ ಕೊಟ್ಟು ಸರಿ ಮಾಡಿಸುತ್ತೇನೆ ಎಂದರೆ ಅದೂ ತಪ್ಪು. ರಿಪೇರಿ ಮಾಡುವವನಿಗೂ ಲೈಸೆನ್ಸ್ ಬೇಕು.

ಇಷ್ಟು ಕಾಗದ ಸರಿಯಾಯಿತು ಅನ್ನಿ. ಕೋವಿ ಮಗನ ಹೆಸರಿಗೆ ಬಂತು. ಮಗ ಯಾರು? ಗೋವೆಯ ಹೋಟೆಲಿನಲ್ಲೋ ಕೈಗಾದಲ್ಲೋ ನೌಕಾನೆಲೆಯಲ್ಲೋ ಹುಬ್ಬಳ್ಳಿಯಲ್ಲೋ ದುಡಿಯುವವನು. ಶನಿವಾರದ ಕೊನೇ ಬಸ್ಸಿಗೆ ಬಂದು ಸೋಮವಾರದ ಮೊದಲ ಬಸ್ಸಿಗೆ ಹೊರಡುವವನು. ಮಾಳದ ಮೇಲೆ ಒಂದು ರಾತ್ರಿಯೂ ಕೂತವನಲ್ಲ. ಬಸ್ ಓಡಿಸುವ ಲೈಸೆನ್ಸ್ ಅಪ್ಪನಿಂದ ಮಗನಿಗೆ ಬರುತ್ತದೆಯೇ? ಬಂದರೆ ನೀವು ಆ ಬಸ್ಸು ಹತ್ತುತ್ತೀರಾ? ಕೋವಿಯ ವಿಷಯದಲ್ಲಿ ಮಾತ್ರ ನಾವು ಇದನ್ನು ಕೇಳುವುದಿಲ್ಲ.

ನಿಯಮ ಕೇಳಿದೆ ಎನ್ನಬೇಕು. 2016ರ ನಿಯಮಗಳಲ್ಲಿ ಆಯುಧ ಸುರಕ್ಷತಾ ತರಬೇತಿಯ ಮಾತಿದೆ. ಜಿಲ್ಲಾ ಪೊಲೀಸರು ಆಗಾಗ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ, ಒಳ್ಳೆಯದೇ. ಆದರೆ ಪೊಲೀಸರ ಕೈಯಲ್ಲಿರುವುದು ತೋಟೆ ಹಾಕುವ ರೈಫಲ್. ಅದನ್ನು ಹಿಡಿಯಲು ಕಲಿತವನಿಗೆ ಗಜ ಎಂದರೇನು ಎಂದೇ ಗೊತ್ತಾಗದು. ಕೇಪಿನ ಕೋವಿಯ ಅಪಾಯಗಳು ಅದರದ್ದೇ, ಅದಕ್ಕೇ ಮೀಸಲು.

ಮುದುಕರ ತಲೆಯಲ್ಲಿ ಇರುವುದು

ಏನು ಆ ಅಪಾಯ? ಒಂದೊಂದಾಗಿ ನೋಡಿ.

ಮೊದಲನೇದು, ಕೋವಿ ತುಂಬಿದೆಯೋ ಖಾಲಿಯೋ ಹೊರಗಿನಿಂದ ಕಾಣುವುದಿಲ್ಲ. ತೋಟೆ ಕೋವಿಯಾದರೆ ಮುರಿದು ನೋಡಬಹುದು. ಇದನ್ನು ಮುರಿಯಲು ಬರುವುದಿಲ್ಲ. ಇದಕ್ಕೆ ಹಳಬರ ಉಪಾಯ ಗಜದ ಗುರುತು. ಖಾಲಿ ನಳಿಗೆಗೆ ಗಜ ಇಳಿಸಿ ಬಾಯಿಯ ಮಟ್ಟಕ್ಕೆ ಒಂದು ಕಚ್ಚು ಹಾಕಿಡುವುದು. ಮುಂದೆ ಯಾವಾಗ ಇಳಿಸಿದರೂ ಕಚ್ಚು ಬಾಯಿಗಿಂತ ಮೇಲೆ ನಿಂತರೆ ಒಳಗೆ ಏನೋ ಇದೆ ಅಂತ ಅರ್ಥ. ದಮ್ಮಡಿ ಖರ್ಚಿಲ್ಲದ ಪರೀಕ್ಷೆ. ಇದು ಗೊತ್ತಿಲ್ಲದೆ ಇದೆಯೋ ಇಲ್ಲವೋ ಎಂದು ಇನ್ನೊಮ್ಮೆ ತುಂಬಿದರೆ ನಳಿಗೆ ಸೀಳುತ್ತದೆ, ಬೆರಳು ಹೋಗುತ್ತದೆ.

ಇದು ಹಳ್ಳಿಯ ದಡ್ಡರ ತಪ್ಪು ಎಂದು ತಿಳಿಯಬೇಡಿ. 1863ರಲ್ಲಿ ಅಮೆರಿಕದ ಗೆಟ್ಟಿಸ್‌ಬರ್ಗಿನಲ್ಲಿ ಮೂರು ದಿನದ ಕಾಳಗ ಮುಗಿದ ಮೇಲೆ ಮೈದಾನದಿಂದ 27 ಸಾವಿರಕ್ಕೂ ಹೆಚ್ಚು ಬಂದೂಕು ಆರಿಸಿದರು. ಸುಮಾರು 24 ಸಾವಿರ ತುಂಬಿಯೇ ಇದ್ದವು. ಅದರಲ್ಲಿ ಅರ್ಧದಷ್ಟರಲ್ಲಿ ಎರಡೆರಡು ಈಡು, ಒಂದರಲ್ಲಿ 23 ಈಡು! ಗಾಬರಿಯಲ್ಲಿ ಹೊಡೆದಿದ್ದೇನೆ ಎಂದುಕೊಂಡು ಜಡಿದದ್ದೇ ಜಡಿದದ್ದು. ಪಳಗಿದ ಸಿಪಾಯಿಗಳ ಕಥೆಯೇ ಹೀಗಾದರೆ ಶನಿವಾರದ ಬಸ್ಸಿಗೆ ಬಂದವನ ಗತಿ ಏನು?

ಎರಡನೇದು, ಮದ್ದು ಅಂದರೆ ಎಲ್ಲವೂ ಒಂದೇ ಅಲ್ಲ. ಕೇಪಿನ ಕೋವಿಗೆ ಹೇಳಿ ಮಾಡಿಸಿದ್ದು ಕಪ್ಪು ಮದ್ದು. ಈಗಿನ ತೋಟೆಯಲ್ಲಿರುವುದು ಹೊಗೆ ಇಲ್ಲದ ಮದ್ದು, ಅದರ ಒತ್ತಡವೇ ಬೇರೆ. ತೋಟೆ ಒಡೆದು ಆ ಮದ್ದನ್ನು ಹಳೇ ನಳಿಗೆಗೆ ಸುರಿದರೆ ಕೋವಿ ಕೋವಿಯಾಗಿ ಉಳಿಯುವುದಿಲ್ಲ. ಮನೆಯಲ್ಲಿ ಮದ್ದು ಅರೆಯುವುದು ಅಪರಾಧ, ಜೀವಕ್ಕೂ ಅಪಾಯ. ಪರವಾನಗಿ ಇರುವ ಅಂಗಡಿಯಿಂದ, ಲೈಸೆನ್ಸಿನಲ್ಲಿ ಬರೆದಷ್ಟೇ ತರಬೇಕು.

ಮೂರನೇದು, ಮದ್ದಿನ ಬಾಟಲಿಯಿಂದ ನೇರ ನಳಿಗೆಗೆ ಸುರಿಯುವ ಚಾಳಿ. ಹಿಂದಿನ ಈಡಿನ ಕೆಂಡ ಒಳಗೆ ಉಳಿದಿದ್ದರೆ ಬಾಟಲಿಯೇ ಬಾಂಬು. ಅದಕ್ಕೇ ಹಳಬರ ಹತ್ತಿರ ಒಂದು ಅಳತೆಯ ಚಿಪ್ಪೋ ಕೊಂಬಿನ ತುಂಡೋ ಇರುತ್ತದೆ. ಅಂಗಡಿಯವರು ಸಕ್ಕರೆಯನ್ನು ಮೂಟೆಯಿಂದ ನೇರ ಗಿರಾಕಿಯ ಚೀಲಕ್ಕೆ ಸುರಿಯುವುದಿಲ್ಲ, ತೂಗಿ ಕೊಡುತ್ತಾರೆ. ಇಲ್ಲಿ ತೂಕ ತಪ್ಪಿದರೆ ನಷ್ಟ ದುಡ್ಡಿನದಲ್ಲ. ಜೊತೆಗೆ ಮದ್ದಿನ ಹತ್ತಿರ ಬೀಡಿ ಬೇಡ. ಇದನ್ನು ಹೇಳಿಸಿಕೊಳ್ಳಬೇಕಾದವರೂ ಇದ್ದಾರೆ.

ನಾಲ್ಕನೇದು, ಟ್ರಿಗರ್ ಎಳೆದರೂ ಈಡು ಹಾರದಿದ್ದರೆ? ಹೊಸಬ ತಕ್ಷಣ ನಳಿಗೆಯ ಬಾಯಿ ನೋಡುತ್ತಾನೆ. ನೋಡಬಾರದು. ಕಿಡಿ ಒಳಗೆ ನಿಧಾನ ಹೊತ್ತುತ್ತಿರಬಹುದು. ಹಿಡಿದ ದಿಕ್ಕಿಗೇ ಹಿಡಿದು ಒಂದೆರಡು ನಿಮಿಷ ಕಲ್ಲಿನಂತೆ ನಿಲ್ಲಬೇಕು. ಗಜ ಜಡಿಯುವಾಗಲೂ ಮುಖ, ಅಂಗೈ ಬಾಯಿಯ ನೇರಕ್ಕೆ ಬರಬಾರದು. ಗಜ ಒಳಗೇ ಮರೆತು ಹೊಡೆದವನ ಗಜ ಬಾಣವಾಗುತ್ತದೆ. ಕೇಪು ಹಾಕುವುದು ಎಲ್ಲಕ್ಕಿಂತ ಕೊನೆಗೆ, ಎದುರು ಯಾರೂ ಇಲ್ಲ ಎಂದು ನೋಡಿದ ಮೇಲೆ. ಹೊದರಿನ ಹಿಂದೆ ಅಲುಗಿದ್ದೆಲ್ಲ ಹಂದಿಯಲ್ಲ. ಸೊಪ್ಪಿಗೆ ಹೋದ ಹೆಂಗಸೂ ಇರಬಹುದು.

ಐದನೇದು ತೊಳೆಯುವುದು. ಕಪ್ಪು ಮದ್ದು ಸುಟ್ಟ ಮೇಲೆ ಉಳಿಯುವ ಬೂದಿ ಉಪ್ಪಿನ ಜಾತಿ, ನೀರು ಎಳೆಯುತ್ತದೆ. ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಸುತ್ತಮುತ್ತ ಮಳೆ, ಮೇಲಿಂದ ಸಮುದ್ರದ ಗಾಳಿ. ಒಂದು ರಾತ್ರಿ ಬಿಟ್ಟರೆ ತುಕ್ಕು ಶುರು. ಬರೀ ಎಣ್ಣೆ ಒರೆಸಿದರೆ ಆಗದು, ಬಿಸಿನೀರಿನಿಂದಲೇ ಆ ಉಪ್ಪು ಕರಗಬೇಕು. ಬಿಸಿನೀರು, ಒಣ ಬಟ್ಟೆ, ಆಮೇಲೆ ಎಣ್ಣೆ. ಹೊರಗಿನಿಂದ ಫಳಫಳ ಹೊಳೆಯುವ ಕೋವಿ ಬುಡದಲ್ಲಿ ತಿಂದು ಹೋಗಿರಬಹುದು. ಮದ್ದು ಸಿಡಿಯುವುದು ಆ ಬುಡದಲ್ಲೇ, ಹೊಡೆಯುವವನ ಕೆನ್ನೆಯ ಪಕ್ಕದಲ್ಲೇ.

ಇಷ್ಟೂ ವಿದ್ಯೆ ಯಾವ ಲೈಸೆನ್ಸ್ ಪುಸ್ತಕದಲ್ಲೂ ಬರೆದಿಲ್ಲ. ಇರುವುದು ಆ ಮುದುಕರ ಕೈಯಲ್ಲಿ. ಕೈ ನಡುಗಲು ಶುರುವಾಗಿದೆ.

ಬೇರೆಯವರು ಏನು ಮಾಡಿದರು

ಕೊಡಗಿನ ಕಥೆ ಎಲ್ಲರಿಗೂ ಗೊತ್ತು. 1861ರಲ್ಲಿ ಸಿಕ್ಕ ವಿನಾಯಿತಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಈಗಲೂ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ತನಕ ಮುಂದುವರಿಸಿತು, 2021ರಲ್ಲಿ ಹೈಕೋರ್ಟು ಎತ್ತಿ ಹಿಡಿಯಿತು. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವು, ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ. ಹೆಂಗಸರು, ಹುಡುಗರು ಎಲ್ಲರೂ ಸಾಲಿನಲ್ಲಿ. ನಮಗೂ ಆ ವಿನಾಯಿತಿ ಕೊಡಿ ಎಂದು ಕೇಳುವುದು ಈ ಅಂಕಣದ ಉದ್ದೇಶವಲ್ಲ. ನೋಡಬೇಕಾದ್ದು ಬೇರೆ. ಅಲ್ಲಿ ಹಿರಿಯರು ಪಕ್ಕದಲ್ಲಿ ನಿಂತು, ಹತ್ತು ಜನರ ಎದುರು, ತೆಂಗಿನಕಾಯಿಯ ಮೇಲೆ ಕಲಿಸುತ್ತಾರೆ. ಪ್ರಾಣಿಯ ಮೇಲಲ್ಲ.

ಜಪಾನ್ ನೋಡಿ. ಬಂದೂಕಿನ ಕಾನೂನು ಅಷ್ಟು ಬಿಗಿ ಇರುವ ದೇಶ ಕಡಿಮೆ. ಅಲ್ಲಿಗೆ ಬಂದೂಕು ಹೋದದ್ದು 1543ರಲ್ಲಿ, ಪೋರ್ತುಗೀಜರ ಕೈಯಿಂದ, ಅದೂ ಗೋವೆಯಲ್ಲಿ ಬೆಳೆದ ಮಾದರಿ ಎಂದು ಹಲವು ಇತಿಹಾಸಕಾರರ ಮತ. ಅಂದರೆ ನಮ್ಮ ಪಕ್ಕದ ಮನೆಯ ಸಾಮಾನು. ಅಲ್ಲಿ ಹಳೇ ಬತ್ತಿಯ ಬಂದೂಕುಗಳನ್ನು ಕಲಾವಸ್ತುವೆಂದು ನೋಂದಾಯಿಸಿ, ಹಬ್ಬದ ದಿನ ಸಂಘದವರು ಸಾಲಾಗಿ ನಿಂತು ಗುಂಡಿಲ್ಲದ ಬರೀ ಮದ್ದಿನ ಈಡು ಹಾರಿಸುತ್ತಾರೆ. ನಮ್ಮವರು ಹಂದಿಗೆ ಹಾರಿಸುವಂಥದ್ದೇ ಈಡು! ಹಳಬರು ಹೊಸಬರಿಗೆ ವರ್ಷಗಟ್ಟಲೆ ಕಲಿಸುತ್ತಾರೆ. ಅಮೆರಿಕದಲ್ಲಿ 1933ರಿಂದ ಇದಕ್ಕೆಂದೇ ರಾಷ್ಟ್ರೀಯ ಸಂಘವಿದೆ. 1971ರಿಂದ ಅಂತಾರಾಷ್ಟ್ರೀಯ ಸಮಿತಿಯೂ ಇದೆ, ಹಳೇ ಬಂದೂಕುಗಳಿಗೆ ವಿಶ್ವ ಸ್ಪರ್ಧೆ ನಡೆಸುತ್ತದೆ. ಒಲಿಂಪಿಕ್ಸಿನಲ್ಲಿ ಈ ಆಟ ಇಲ್ಲ, ಆದರೂ ಕಲಿಯುವವರಿಗೆ ಬರವಿಲ್ಲ.

ನಮ್ಮ ಹುಡುಗರಿಗೆ

ನಮ್ಮಲ್ಲೂ ಉತ್ಸಾಹ ಇಲ್ಲ ಅನ್ನಬೇಡಿ. ಅಜ್ಜನ ಕೋವಿ ಕಂಡರೆ ಹುಡುಗರ ಕಣ್ಣು ಅರಳುತ್ತದೆ. ಮೊದಲು ಫೋಟೋ, ಆಮೇಲೆ ಒಂದು ಈಡು ಹೊಡೆಯಲಾ ಅಂತ. ಅಜ್ಜನ ಲೈಸೆನ್ಸ್ ಅಜ್ಜನಿಗೆ ಮಾತ್ರ, ಮೊಮ್ಮಗನಿಗಲ್ಲ. ಮದುವೆ, ಹಬ್ಬ, ಗೆಲುವಿನ ಹುರುಪಿಗೆ ಅಜಾಗರೂಕತೆಯಿಂದ ಹಾರಿಸಿ ಇನ್ನೊಬ್ಬರಿಗೆ ಅಪಾಯ ತಂದರೆ 2019ರ ತಿದ್ದುಪಡಿಯಲ್ಲಿ ಎರಡು ವರ್ಷದ ತನಕ ಸಜೆ, ಒಂದು ಲಕ್ಷದ ತನಕ ದಂಡ, ಅಥವಾ ಎರಡೂ.

ಹಾಗೆಂದು ಹುಡುಗನನ್ನು ಬೈದು ಓಡಿಸಿದರೆ ವಿದ್ಯೆ ಅಲ್ಲಿಗೇ ಮುಗಿಯಿತು. ಈಡು ಹೊಡೆಯದೆಯೂ ಮುಕ್ಕಾಲು ಪಾಠ ಕಲಿಯಬಹುದು ಎಂಬುದೇ ಈ ಕೋವಿಯ ವಿಶೇಷ. ಅಜ್ಜ ಎದುರಿಗೆ ಕೂತು ತೊಳೆಯುವಾಗ ಬಿಸಿನೀರು ತಂದುಕೊಡಲಿ. ಗಜದ ಗುರುತು ಏನು, ಅಳತೆಯ ಚಿಪ್ಪು ಯಾಕೆ, ಕೇಪು ಯಾಕೆ ಕೊನೆಗೆ ಎಂದು ಕೇಳಲಿ. ಮರದ ಕೋಲೊಂದನ್ನು ಹಿಡಿದು ತುಂಬುವ ಕ್ರಮವನ್ನು ತಪ್ಪಿಲ್ಲದೆ ನೂರು ಸಲ ಒಪ್ಪಿಸಲಿ. ಫೋಟೋ ಹಿಡಿಯುವ ಅದೇ ಮೊಬೈಲಿನಲ್ಲಿ ಅಜ್ಜನ ಮಾತು ದಾಖಲಾಗಲಿ. 21 ತುಂಬಿ, ಕಾಗದವೆಲ್ಲ ಸರಿಯಾದ ಮೇಲೆ, ಅಪ್ಪಣೆ ಇರುವ ಜಾಗದಲ್ಲಿ ಮೊದಲ ಈಡು.

ಪೊಲೀಸ್ ಇಲಾಖೆಗೂ ಒಂದು ಅರಿಕೆ. ನಾಗರಿಕ ಶಿಬಿರದಲ್ಲಿ ಒಂದು ದಿನ, ಬೇಡ, ಅರ್ಧ ದಿನ ಕೇಪಿನ ಕೋವಿಗೆ ಮೀಸಲಿಡಿ. ತಾಲೂಕಿಗೆ ಇಬ್ಬರು ಪಳಗಿದ ಹಿರಿಯರನ್ನು ಕುರ್ಚಿ ಹಾಕಿ ಕೂರಿಸಿ. ವಾರಸಿನಿಂದ ಕೋವಿ ಪಡೆಯುವವರು ಅವರ ಎದುರು ಗಜ ಇಳಿಸಿ ತೋರಿಸಲಿ. ಚುನಾವಣೆಗೆಂದು ಠಾಣೆಗೆ ಕೋವಿಗಳು ಹೇಗೂ ಬರುತ್ತವೆ. ಹಿಂದಿರುಗಿಸುವ ದಿನ ಬುಡ ತಿಂದು ಹೋದದ್ದು ಯಾವುದು, ಒಳಗೆ ಹಳೇ ಈಡು ಉಳಿದದ್ದು ಯಾವುದು ಎಂದು ತಿಳಿದವರಿಂದ ನೋಡಿಸಿ ಕೊಟ್ಟರೆ ಸರ್ಕಾರಕ್ಕೆ ಕಾಸು ಖರ್ಚಿಲ್ಲ, ಬೆರಳುಗಳು ಉಳಿಯುತ್ತವೆ.

ಯಾರಿಗೂ ಬೇಡವೆಂದಾದರೆ ಅದಕ್ಕೂ ದಾರಿಯಿದೆ. ಗದ್ದೆ ಅಣೆಕಟ್ಟಿಗೆ, ಕಾರ್ಖಾನೆಗೆ, ನೌಕಾನೆಲೆಗೆ ಹೋದವರು ಈ ಪಟ್ಟಿಯಲ್ಲಿ ಬಹಳ ಜನ. ಗದ್ದೆಯೇ ಇಲ್ಲದ ಮೇಲೆ ಬೆಳೆ ರಕ್ಷಣೆ ಎಲ್ಲಿಯದು? ಕಾಗದ ಸಮೇತ ಠಾಣೆಗೆ ಒಪ್ಪಿಸಿ ರಸೀದಿ ಪಡೆದರೆ ಅದು ಮರ್ಯಾದೆಯ ಕೊನೆ. ಕಾಗದವೂ ಇಲ್ಲದೆ, ಕಲಿತವನೂ ಇಲ್ಲದೆ, ಒಳಗೊಂದು ಹಳೇ ಈಡು ಉಳಿಸಿಕೊಂಡು ಅಟ್ಟದಲ್ಲಿ ಬಿದ್ದಿರುವ ಕೋವಿಗಿಂತ ಅದು ಸಾವಿರ ಪಾಲು ಮೇಲು.

ಈ ಪತ್ರಿಕೆ ಓದುತ್ತ ಸುಂಕಸಾಳ, ಅಗಸೂರು, ಹಿಲ್ಲೂರು, ಮಲ್ಲಾಪುರ, ಗೋಟೆಗಾಳಿ ಬಸ್ಸಿನಲ್ಲಿ ಕೂತವರು ಮನೆಗೆ ಹೋಗಿ ಎರಡು ಕೆಲಸ ಮಾಡಿ. ಲೈಸೆನ್ಸ್ ಪುಸ್ತಕ ತೆಗೆದು ಅಜ್ಜನ ವಯಸ್ಸು, ಕೋವಿ ಬಂದ ವರ್ಷ, ನವೀಕರಣದ ತಾರೀಕು ನೋಡಿ. ಆಮೇಲೆ ಗಜದ ಮೇಲೆ ಕಚ್ಚು ಎಲ್ಲಿದೆ ಎಂದು ಅಜ್ಜನನ್ನೇ ಕೇಳಿ. ಮೊದಲನೇದಕ್ಕೆ ತಡವಾದರೆ ದಂಡ ಕಟ್ಟಿ ಸರಿ ಮಾಡಿಸಬಹುದೇನೋ. ಎರಡನೇದಕ್ಕೆ ತಡವಾದರೆ ಹೇಳುವವರು ಇರುವುದಿಲ್ಲ.